ಮೊದಲ ಉಸಿರಿನ ದಾರಿ



ಹಳೆಯ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ ಗುರುಗಳಿಗೆಲ್ಲ ಪರಿಚಿತವಾದ ಒಂದು ಅನುಭವವಿದೆ. ಯಾರೋ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿಕೊಂಡು ಬರುತ್ತಾರೆ. ಕಪಾಟಿನಿಂದ ಹಳೆಯ ದಾಖಲೆ ಪುಸ್ತಕವನ್ನು ಹೊರತೆಗೆದು, ಲತೀನ್ ಭಾಷೆಯಲ್ಲಿ ಬರೆದಿಟ್ಟ ಹೆಸರುಗಳ ಮೇಲೆ ಬೆರಳಾಡಿಸುತ್ತಾ ಹೋಗುತ್ತೇವೆ. ಹುಡುಕುತ್ತಿರುವ ಹೆಸರು ಸಿಗುವ ಮೊದಲೇ ಇನ್ನೊಂದು ಹೆಸರು ಕಣ್ಣಿಗೆ ಬೀಳುತ್ತದೆ. ಹುಟ್ಟಿದ ದಿನವೇ ದೀಕ್ಷಾಸ್ನಾನ. ಪಕ್ಕದಲ್ಲಿ ‘ಗಂಡಾಂತರದಲ್ಲಿ’ ಎಂಬ ಒಂದು ಟಿಪ್ಪಣಿ. ಮರಣದ ದಾಖಲೆ ಪುಸ್ತಕವನ್ನು ತೆರೆದರೆ ಅದೇ ಹೆಸರು, ಅದೇ ದಿನಾಂಕ. ಒಂದು ಜೀವದ ಇಡೀ ಚರಿತ್ರೆ ಎರಡು ಪುಸ್ತಕಗಳ ಎರಡು ಸಾಲುಗಳಲ್ಲಿ ಮುಗಿದುಹೋಗಿರುತ್ತದೆ.

ಕಾರಣವನ್ನು ಆ ಪುಸ್ತಕಗಳು ಹೇಳುವುದಿಲ್ಲ. ಆದರೆ ಇಂದಿನ ವೈದ್ಯಶಾಸ್ತ್ರದ ಬೆಳಕಿನಲ್ಲಿ ನೋಡಿದರೆ, ಅಂಥ ಅನೇಕ ಕೂಸುಗಳು ಉಸಿರಿಗಾಗಿ ಹೋರಾಡಿ ಸೋತವು ಎಂದು ಊಹಿಸಬಹುದು. ಆ ಹೋರಾಟದಲ್ಲಿ ಮನುಷ್ಯರು ಕೂಸಿಗೆ ಹೇಗೆ ನೆರವಾಗಲು ಕಲಿತರು, ಆ ಕಲಿಕೆ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ತೊಟ್ಟಿಲಿಗೆ ಬಂದು ಮುಟ್ಟಲು ಏಕೆ ಇಷ್ಟು ಕಾಲ ಹಿಡಿಯಿತು ಎಂಬುದನ್ನು ಈ ಲೇಖನದಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳಬಯಸುತ್ತೇನೆ.

ಒಬ್ಬ ತಾಯಿಯ ಪ್ರಶ್ನೆ

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕಗಳಿಂದಲ್ಲ. ಬಹಳ ವರ್ಷಗಳ ಹಿಂದೆ, ನಾನಿನ್ನೂ ಎಳೆಯ ಗುರುವಾಗಿದ್ದಾಗ, ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಹಸುಗೂಸೊಂದನ್ನು ಮಣ್ಣು ಮಾಡಲು ಹೋಗಿದ್ದೆ. ಎಂಟು ತಿಂಗಳಿಗೇ ಮನೆಯಲ್ಲಿ ಹೆರಿಗೆಯಾಗಿ, ಪ್ರತಿ ಉಸಿರಿಗೂ ನರಳುತ್ತಿದ್ದ ಕೂಸು ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡಿತ್ತು. ಪೆಟ್ಟಿಗೆ ಎಷ್ಟು ಚಿಕ್ಕದಾಗಿತ್ತೆಂದರೆ, ತಂದೆ ಅದನ್ನು ಕಂಕುಳಲ್ಲಿಟ್ಟುಕೊಂಡೇ ನಡೆದ. ಬಾಣಂತಿ ನನ್ನನ್ನು ಕಂಡೊಡನೆ ಕೇಳಿದ್ದು ಒಂದೇ ಮಾತು: “ನಂದೇನು ತಪ್ಪು ಸ್ವಾಮಿ? ಬಿಸ್ಲಲ್ಲಿ ಗದ್ದೆಗೆ ಹೋಗ್ಬಾರ್ದಾಗಿತ್ತಾ?” ಅವಳ ಪಕ್ಕದಲ್ಲಿ ಕುಳಿತಿದ್ದ ಅತ್ತೆ, “ಏಳು ತಿಂಗಳದ್ದು ಉಳೀತದೆ, ಎಂಟು ತಿಂಗಳದ್ದು ಉಳಿಯಲ್ಲ” ಎಂದು ನಿಟ್ಟುಸಿರು ಬಿಟ್ಟಳು.

“ನಿನ್ನದೇನೂ ತಪ್ಪಿಲ್ಲ ಮಗಳೇ” ಎಂದೆ. ಅದು ಸಾಂತ್ವನದ ಮಾತು. ಆದರೆ ಅದು ಸತ್ಯವೂ ಹೌದೇ ಎಂದು ನನಗೆ ಅಂದು ಗೊತ್ತಿರಲಿಲ್ಲ. ಗುರುಮಠದಲ್ಲಿ ಕಲಿತ ತತ್ತ್ವಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಉತ್ತರವಿದ್ದುದು ಶ್ವಾಸಕೋಶದ ಚರಿತ್ರೆಯಲ್ಲಿ.

ನೀರಿನಿಂದ ಗಾಳಿಗೆ

ತಾಯಿಯ ಗರ್ಭದಲ್ಲಿ ಮಗುವಿನ ಶ್ವಾಸಕೋಶಗಳು ದ್ರವದಿಂದ ತುಂಬಿರುತ್ತವೆ. ಅದಕ್ಕೆ ಬೇಕಾದ ಆಮ್ಲಜನಕ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಆ ದ್ರವ ಹಿಂಗಿ, ಲಕ್ಷಾಂತರ ಪುಟ್ಟ ಗಾಳಿಗೂಡುಗಳು ಮೊತ್ತಮೊದಲ ಬಾರಿಗೆ ಅರಳಬೇಕು. ಮನುಷ್ಯನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ದಾಟುವಿಕೆ ಇನ್ನೊಂದಿಲ್ಲ.

ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದಂತಾಗುವುದನ್ನು ನೀವು ಕಂಡಿದ್ದೀರಿ. ಒಳಗೆಲ್ಲ ಒದ್ದೆಯಾದ ಗಾಳಿಗೂಡುಗಳೂ ಹಾಗೆಯೇ ಅಂಟಿಕೊಳ್ಳಬೇಕಿತ್ತು. ಹಾಗಾಗದಂತೆ ದೇಹವೇ ಒಂದು ಲೇಪವನ್ನು ತಯಾರಿಸುತ್ತದೆ. ಸಾಬೂನು ನೀರಿನ ಬಿಗಿತವನ್ನು ಸಡಿಲಿಸುವಂತೆ ಅದು ಗಾಳಿಗೂಡುಗಳ ಬಿಗಿತವನ್ನು ಸಡಿಲಿಸುತ್ತದೆ. ವೈದ್ಯರು ಅದನ್ನು ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ. ಗರ್ಭದ ಆರನೆಯ ತಿಂಗಳ ಸುಮಾರಿಗೆ ಅದರ ತಯಾರಿ ಶುರುವಾದರೂ, ಸಾಕಷ್ಟು ಕೂಡಿಬರುವುದು 34–35ನೆಯ ವಾರದ ಹೊತ್ತಿಗೆ. ಅದಕ್ಕೂ ಮೊದಲೇ ಹುಟ್ಟಿದ ಮಗುವಿನಲ್ಲಿ ಪ್ರತಿ ಉಸಿರಿನ ಕೊನೆಗೂ ಗಾಳಿಗೂಡುಗಳು ಕುಸಿಯುತ್ತವೆ. ಪ್ರತಿ ಉಸಿರೂ ಮೊದಲ ಉಸಿರಿನಷ್ಟೇ ಕಷ್ಟವಾಗುತ್ತದೆ. ಕೆಲವು ಗಂಟೆಗಳಲ್ಲಿ ಕೂಸು ದಣಿದು ಸೋಲುತ್ತದೆ.

ಎಂಟು ತಿಂಗಳಿಗಿಂತ ಏಳು ತಿಂಗಳ ಕೂಸೇ ಗಟ್ಟಿ ಎಂಬ ನಮ್ಮ ಹಿರಿಯರ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಶ್ವಾಸಕೋಶಕ್ಕೆ ಬಲ. ಕೂಸುಗಳಿಗೆ ಉಸಿರು ಕಟ್ಟಲು ಬೇರೆ ಕಾರಣಗಳೂ ಇವೆ. ದೀರ್ಘವಾದ, ಕಷ್ಟದ ಹೆರಿಗೆಯಲ್ಲಿ ಆಮ್ಲಜನಕ ಸಾಲದೆ ಕೂಸು ಉಸಿರಾಡುವುದನ್ನೇ ಆರಂಭಿಸದಿರಬಹುದು, ಗರ್ಭದೊಳಗೇ ಮಾಡಿದ ಮಲ ಶ್ವಾಸಕೋಶಕ್ಕೆ ಸೇರಿರಬಹುದು, ನಂಜು ತಗುಲಿರಬಹುದು. ಇವುಗಳಲ್ಲಿ ಯಾವುದೂ ತಾಯಿ ಬಿಸಿಲಿಗೆ ಹೋದದ್ದರಿಂದಲೋ ಗ್ರಹಣ ನೋಡಿದ್ದರಿಂದಲೋ ಬಂದದ್ದಲ್ಲ.

ಬಾಯಿಗೆ ಬಾಯಿಟ್ಟು

ಉಸಿರಿಲ್ಲದ ಮಗುವಿಗೆ ಉಸಿರು ಕೊಡುವ ಆಸೆ ಮನುಷ್ಯಕುಲದಷ್ಟೇ ಹಳೆಯದು. ಅರಸರ ಎರಡನೆಯ ಗ್ರಂಥದಲ್ಲಿ ಪ್ರವಾದಿ ಎಲೀಷನು ಶೂನೇಮಿನ ಬಾಲಕನ ಮೇಲೆ ಬಾಗಿ, ಬಾಯಿಗೆ ಬಾಯಿಟ್ಟ ಪ್ರಸಂಗವನ್ನು ನೀವು ಬಲ್ಲಿರಿ. ಉಸಿರು ಮರಳಿಸುವ ವಿದ್ಯೆಯ ಚರಿತ್ರೆಯನ್ನು ಬರೆದ ವೈದ್ಯರೂ ಆ ಪ್ರಸಂಗವನ್ನು ನೆನೆಯುತ್ತಾರೆ. ಭಾರತದ ಹಲವೆಡೆ ಸೂಲಗಿತ್ತಿಯರು ಕೂಸಿನ ಬಾಯಿಗೆ ಊದುತ್ತಿದ್ದರು, ಬೆನ್ನು ಉಜ್ಜುತ್ತಿದ್ದರು, ಹೊಕ್ಕುಳಬಳ್ಳಿ ಕತ್ತರಿಸದೆ ಮಾಸನ್ನು ಬಿಸಿ ಮಾಡುತ್ತಿದ್ದರು. ಇವುಗಳಲ್ಲಿ ಕೆಲವು ಉಪಯುಕ್ತ, ಕೆಲವು ವ್ಯರ್ಥ, ಕೆಲವು ಅಪಾಯಕರ. ಪಾಶ್ಚಾತ್ಯರೂ ಹಿಂದುಳಿದಿರಲಿಲ್ಲ, ಅಲ್ಲಿ ಕೂಸನ್ನು ತಲೆಕೆಳಗಾಗಿ ಹಿಡಿದು ಬಡಿಯುವುದು, ಬಿಸಿನೀರು ತಣ್ಣೀರುಗಳಲ್ಲಿ ಅದ್ದುವುದು ಬಹುಕಾಲ ನಡೆದುಬಂತು.

ಆದರೂ ಸೂಲಗಿತ್ತಿಯರನ್ನು ಹಗುರಾಗಿ ಕಾಣಲಾಗದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಒಂದು ಕಾಸೂ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾಗಿ, ಅದೇ ವರ್ಷದ ಕ್ರಿಸ್ಮಸ್ ದಿನ ಕಣ್ಮುಚ್ಚಿದರು. ಆಸ್ಪತ್ರೆಯಿಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರಿಗೆ ಅಂಥವರ ಕೈಗಳೇ ಆಸ್ಪತ್ರೆಯಾಗಿದ್ದವು.

ಗೊತ್ತಿದ್ದೂ ಕೈಗೆಟುಕದ ಕಾಲ

ವಿಜ್ಞಾನದ ದಾರಿ ನಿಧಾನವಾದದ್ದು. 1929ರಲ್ಲಿಯೇ ಕುರ್ಟ್ ಫಾನ್ ನೀರ್ಗಾರ್ಡ್ ಎಂಬ ವಿಜ್ಞಾನಿ ಶ್ವಾಸಕೋಶವು ಕುಗ್ಗುವುದರಲ್ಲಿ ಅದರೊಳಗಿನ ದ್ರವದ ಮೇಲ್ಮೈಯ ಬಿಗಿತಕ್ಕೆ ದೊಡ್ಡ ಪಾತ್ರವಿದೆಯೆಂದು ತೋರಿಸಿದ್ದ. ಇಪ್ಪತ್ತೈದು ವರ್ಷ ಯಾರೂ ಅದನ್ನು ಗಮನಿಸಲಿಲ್ಲ. 1953ರಲ್ಲಿ ವರ್ಜಿನಿಯಾ ಅಪ್ಗಾರ್ ಎಂಬ ವೈದ್ಯೆ, ಹುಟ್ಟಿದ ಮೊದಲ ನಿಮಿಷದಲ್ಲಿ ಕೂಸಿನ ಬಣ್ಣ, ಹೃದಯಬಡಿತ, ಚಲನೆ, ಸ್ಪಂದನೆ, ಉಸಿರುಗಳನ್ನು ನೋಡಿ ಹತ್ತಕ್ಕೆ ಅಂಕ ಕೊಡುವ ಸರಳ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಬೇಕಾದದ್ದು ಕೂಸಿನ ಕಡೆಗೆ ತಿರುಗಿದ ಕಣ್ಣು ಮಾತ್ರ. 1959ರಲ್ಲಿ ಬಾಸ್ಟನ್ ನಗರದಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಎಂಬವರು, ಉಸಿರಿನ ತೊಂದರೆಯಿಂದ ಸತ್ತ ಅಕಾಲಿಕ ಶಿಶುಗಳ ಶ್ವಾಸಕೋಶಗಳಲ್ಲಿ ಆ ಲೇಪದ ಕೊರತೆಯಿದ್ದುದನ್ನು ಕಂಡುಹಿಡಿದರು.

ಕಾರಣ ತಿಳಿಯಿತು, ಮದ್ದು ಸಿಗಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿದ. ಸುಮಾರು 2.1 ಕಿಲೋ ತೂಕದ ಆ ಶಿಶುವಿಗೆ ಕೂಡಲೇ ದೀಕ್ಷಾಸ್ನಾನ ನೀಡಿ, ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಕೊಂಡೊಯ್ದರು. ರೋಗದ ಗುಟ್ಟು ನಾಲ್ಕು ವರ್ಷದ ಹಿಂದೆ ಬಯಲಾಗಿದ್ದ ಅದೇ ನಗರ. ಲೋಕದ ಅತ್ಯಂತ ಶಕ್ತಿವಂತ ತಂದೆ. 39 ಗಂಟೆಗಳ ನಂತರ ಮಗು ತೀರಿಕೊಂಡಿತು. ಇಂದು ಅದೇ ತೂಕದ ಅಂಥ ಮಗು ಸುಸಜ್ಜಿತ ಆಸ್ಪತ್ರೆಯಲ್ಲಿ ಬದುಕುಳಿಯುವುದು ಸಾಮಾನ್ಯ ಸಂಗತಿ. ನಮ್ಮ ಹಳ್ಳಿಯ ಆ ತಾಯಿಗೆ ಈ ಕಥೆಯನ್ನು ಅಂದೇ ಹೇಳಬಹುದಾಗಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅಧ್ಯಕ್ಷನ ಅರಮನೆಯನ್ನೂ ಗುಡಿಸಲನ್ನೂ ಒಂದೇ ರೀತಿ ತಟ್ಟಿದ ಈ ಸಾವಿನಲ್ಲಿ ಯಾವ ತಾಯಿಯ ತಪ್ಪನ್ನು ಹುಡುಕೋಣ?

ನರಳಿಕೆಯೇ ಗುರುವಾಯಿತು

ಮುಂದಿನ ಹೆಜ್ಜೆ ಬಂದದ್ದು ಕೂಸಿನ ನರಳಿಕೆಯನ್ನು ಕಿವಿಗೊಟ್ಟು ಕೇಳಿದವರಿಂದ. ಅಂಥ ಶಿಶುಗಳು ಉಸಿರು ಬಿಡುವಾಗ ‘ಹ್ಞೂಂ, ಹ್ಞೂಂ’ ಎಂದು ನರಳುತ್ತವೆ. ಅದು ನೋವಿನ ಸದ್ದೆಂದೇ ಎಲ್ಲರೂ ತಿಳಿದಿದ್ದರು. ನಿಜದಲ್ಲಿ ಕೂಸು ಗಂಟಲನ್ನು ಅರೆಮುಚ್ಚಿ, ಗಾಳಿಯೆಲ್ಲ ಹೊರಹೋಗದಂತೆ ತಡೆಹಿಡಿದು, ತನ್ನ ಗಾಳಿಗೂಡುಗಳು ಕುಸಿಯದಂತೆ ಕಾಪಾಡಿಕೊಳ್ಳುತ್ತಿರುತ್ತದೆ. ನರಳಿಕೆಗೆ ಆಸ್ಪದವಿಲ್ಲದಂತೆ ಗಂಟಲಿಗೆ ಕೊಳವೆಯಿಳಿಸಿದರೆ ರಕ್ತದ ಆಮ್ಲಜನಕ ಇಳಿಯುತ್ತದೆಂದು 1968ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ತೋರಿಸಿದರು. ಕೂಸು ದಣಿಯುತ್ತಾ ಮಾಡುತ್ತಿರುವ ಕೆಲಸವನ್ನು ನಾವೇ ಮಾಡಿಕೊಟ್ಟರೆ ಹೇಗೆ? 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 20 ಶಿಶುಗಳಿಗೆ ಬಿಡುವಿಲ್ಲದ ಮೆಲು ಒತ್ತಡದ ಗಾಳಿಯನ್ನು ಕೊಟ್ಟುನೋಡಿದರು. ಹದಿನಾರು ಬದುಕಿದವು. ಇದೇ ಇಂದು ‘ಸಿಪ್ಯಾಪ್’ ಎಂದು ಹೆಸರಾದ ಚಿಕಿತ್ಸೆ.

ಇದರ ಅತ್ಯಂತ ಸರಳ ರೂಪವನ್ನು ನೀವು ನೋಡಿದರೆ ಬೆರಗಾಗುವಿರಿ. ಆಮ್ಲಜನಕ ಬೆರೆತ ಗಾಳಿಯನ್ನು ಕೂಸಿನ ಮೂಗಿಗೆ ಒಂದು ಕೊಳವೆ ತಂದುಕೊಡುತ್ತದೆ. ಹೊರಹೋಗುವ ಕೊಳವೆಯ ತುದಿಯನ್ನು ನೀರಿನ ಸೀಸೆಯೊಂದರಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ ಮುಳುಗಿಸಿರುತ್ತಾರೆ. ನೀರಿನ ಆಳವೇ ಒತ್ತಡದ ಅಳತೆ. ಸೀಸೆಯಲ್ಲಿ ಗುಳುಗುಳು ಗುಳ್ಳೆಯೇಳುತ್ತಿದ್ದರೆ ಒತ್ತಡ ಉಳಿದಿದೆಯೆಂದು ದಾದಿಗೆ ಗೊತ್ತಾಗುತ್ತದೆ. ವಿದ್ಯುತ್ತು ಕೈಕೊಡುವ ಊರುಗಳಿಗಾಗಿ, ಆಂಬುಲೆನ್ಸಿನ ಪಯಣಕ್ಕಾಗಿ, ಬೆಂಗಳೂರಿನ ಕೋಯೊ ಲ್ಯಾಬ್ಸ್ ಸಂಸ್ಥೆಯು ಬ್ಯಾಟರಿಯಿಂದಲೂ, ಬೇಕಾದರೆ ಕೈಯಿಂದಲೂ ನಡೆಸಬಹುದಾದ ‘ಸಾನ್ಸ್’ ಎಂಬ ಚಿಕ್ಕ ಸಾಧನವನ್ನು ರೂಪಿಸಿತು.

ಇದರ ಬೆನ್ನಿಗೆ ಇನ್ನೆರಡು ವರಗಳು ಬಂದವು. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯ ಕುರಿಗಳ ಮೇಲೆ ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ, ಅಕಾಲದಲ್ಲಿ ಹುಟ್ಟಿ ಸಾಯಬೇಕಿದ್ದ ಮರಿಯೊಂದು ಉಸಿರಾಡುತ್ತಿದ್ದುದನ್ನು ಕಂಡರು. ಕೊಟ್ಟಿದ್ದ ಸ್ಟಿರಾಯ್ಡ್ ಮದ್ದು ಅದರ ಶ್ವಾಸಕೋಶವನ್ನು ಬೇಗ ಬಲಿಸಿತ್ತು. ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವಿದ್ದ 282 ತಾಯಂದಿರಲ್ಲಿ ಅವರೂ ಹೋವಿಯವರೂ ನಡೆಸಿದ ಪರೀಕ್ಷೆ 1972ರಲ್ಲಿ ಪ್ರಕಟವಾಯಿತು. ಕೂಸುಗಳ ಉಸಿರಿನ ತೊಂದರೆ ಸ್ಪಷ್ಟವಾಗಿ ತಗ್ಗಿತ್ತು. 1980ರಲ್ಲಿ ಜಪಾನಿನ ಫುಜಿವಾರ ಅವರು, ಇಲ್ಲದ ಲೇಪವನ್ನು ಹೊರಗಿನಿಂದಲೇ ಶ್ವಾಸಕೋಶಕ್ಕೆ ಹಾಕಿ ಹತ್ತು ಶಿಶುಗಳಿಗೆ ಚಿಕಿತ್ಸೆ ನೀಡಿದರು.

ಇದರ ನಡುವೆ ತಪ್ಪುಗಳೂ ಆದವು. 1940–50ರ ದಶಕಗಳಲ್ಲಿ ಅಳತೆಯಿಲ್ಲದೆ ಕೊಟ್ಟ ಆಮ್ಲಜನಕದಿಂದ ಸಾವಿರಾರು ಅಕಾಲಿಕ ಶಿಶುಗಳು ಕಣ್ಣು ಕಳೆದುಕೊಂಡವು. ಜೀವವಾಯುವೂ ಅಳತೆ ಮೀರಿದರೆ ವಿಷ ಎಂಬ ಪಾಠವನ್ನು ಆ ಮಕ್ಕಳು ತಮ್ಮ ದೃಷ್ಟಿಯ ಬೆಲೆ ತೆತ್ತು ಕಲಿಸಿದರು. ಉಸಿರು ಕಟ್ಟಿ ಹುಟ್ಟಿದ ಕೂಸಿಗೆ ಶುದ್ಧ ಆಮ್ಲಜನಕದ ಬದಲು ಸಾಮಾನ್ಯ ಗಾಳಿಯನ್ನೇ ಚೀಲದಿಂದ ಊದಿದರೂ ಸಾಕಾಗುತ್ತದೆಂದು ದೆಹಲಿಯಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಂದೆ 2010ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಅದನ್ನೇ ಒಪ್ಪಿದವು. ಸಿಲಿಂಡರ್ ಇಲ್ಲವೆಂದು ಹಳ್ಳಿಯ ದಾದಿ ಕೈಚೆಲ್ಲಿ ಕೂರಬೇಕಿಲ್ಲವೆಂದು ಲೋಕಕ್ಕೆ ತಿಳಿಸಿದ್ದರಲ್ಲಿ ನಮ್ಮ ದೇಶದ ಪಾಲಿದೆ.

ದೊಡ್ಡಸ್ವಾಮಿಯವರ ಐದು ವರ್ಷ

ಇಲ್ಲಿ ಶ್ರೀರಂಗಪಟ್ಟಣವನ್ನು ನೆನೆಯಲೇಬೇಕು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಅಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ನಮ್ಮ ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಸಿಡುಬಿನ ವಿರುದ್ಧ ಲಸಿಕೆಯ ಬಗ್ಗೆ ಎಡ್ವರ್ಡ್ ಜೆನ್ನರ್ ತಮ್ಮ ಪುಸ್ತಕ ಪ್ರಕಟಿಸಿದ್ದು 1798ರಲ್ಲಿ. ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ. 1803–04ರಲ್ಲಿ ದೊಡ್ಡಸ್ವಾಮಿಯವರು ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ್ದರೆಂದು ದಾಖಲೆಯಿದೆ. ರೈಲಿಲ್ಲದ, ತಂತಿಯಿಲ್ಲದ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಯ ಅರಿವು ಕಾವೇರಿ ತೀರದ ಹಳ್ಳಿಗೆ ಬರಲು ಹಿಡಿದದ್ದು ಐದಾರು ವರ್ಷ.

ಇದನ್ನು ನಮ್ಮ ಕಾಲದೊಂದಿಗೆ ಹೋಲಿಸಿರಿ. 1972ರಲ್ಲಿ ಪ್ರಕಟವಾದ ಸ್ಟಿರಾಯ್ಡ್ ಚುಚ್ಚುಮದ್ದನ್ನು ವ್ಯಾಪಕವಾಗಿ ಬಳಸಬೇಕೆಂದು ಅಮೆರಿಕದ ತಜ್ಞರು ಒಮ್ಮತದಿಂದ ಹೇಳಿದ್ದು 1994ರಲ್ಲಿ, ಇಪ್ಪತ್ತೆರಡು ವರ್ಷಗಳ ನಂತರ. ವಿಮಾನ, ದೂರವಾಣಿ ಎಲ್ಲವೂ ಇದ್ದ ಕಾಲದಲ್ಲಿ! ಅರಿವಿಗೂ ತೊಟ್ಟಿಲಿಗೂ ನಡುವಿನ ದೂರವನ್ನು ತಂತ್ರಜ್ಞಾನ ತಾನಾಗಿಯೇ ಕಡಿಮೆ ಮಾಡುವುದಿಲ್ಲ. ಹೊತ್ತು ನಡೆಯುವ ಮನುಷ್ಯ ಬೇಕು.

ಬೆಳಗಾವಿ ಕಲಿಸಿದ ಎರಡು ಪಾಠ

ಹೊತ್ತು ನಡೆಯುವಾಗ ವಿವೇಕವೂ ಬೇಕೆಂಬುದಕ್ಕೆ ನಮ್ಮ ರಾಜ್ಯದ ಬೆಳಗಾವಿಯೇ ಸಾಕ್ಷಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು 599 ಮಂದಿ ಹೆರಿಗೆ ಸಹಾಯಕರಿಗೆ, ಉಸಿರಾಡದ ಕೂಸನ್ನು ಒರೆಸಿ ಬೆಚ್ಚಗಿಟ್ಟು, ಬೆನ್ನು ಉಜ್ಜಿ, ಅಗತ್ಯವಿದ್ದರೆ ಮೊದಲ ನಿಮಿಷದೊಳಗೇ ಚೀಲ ಮತ್ತು ಮುಖವಾಡದಿಂದ ಗಾಳಿ ಊದುವ ತರಬೇತಿ ನೀಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ‘ಸತ್ತು ಹುಟ್ಟಿದ’ ಶಿಶುಗಳ ಪ್ರಮಾಣ ಶೇಕಡಾ 3.0ರಿಂದ 2.3ಕ್ಕೆ ಇಳಿಯಿತು. ಇದರ ಅರ್ಥವನ್ನು ಒಂದು ಗಳಿಗೆ ಯೋಚಿಸಿರಿ. ಸತ್ತೇ ಹುಟ್ಟಿತೆಂದು ಬಟ್ಟೆಯಲ್ಲಿ ಸುತ್ತಿ ಬದಿಗಿಡುತ್ತಿದ್ದ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಉಸಿರಾಡಿರಲಿಲ್ಲ, ಅಷ್ಟೆ.

ಎರಡನೆಯ ಪಾಠ ಕಹಿಯಾದದ್ದು. ಸ್ಟಿರಾಯ್ಡ್ ಚುಚ್ಚುಮದ್ದನ್ನು ಹಳ್ಳಿಹಳ್ಳಿಗೂ ಒಯ್ದರೆ ಹೇಗೆಂದು ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನಿರೀಕ್ಷಿಸಿದಂತೆ ಚಿಕ್ಕ ಶಿಶುಗಳ ಸಾವು ತಗ್ಗಲಿಲ್ಲ; ಒಟ್ಟಾರೆ ಶಿಶುಗಳ ಸಾವು ಕೊಂಚ ಹೆಚ್ಚಿತು. ಗರ್ಭದ ವಾರಗಳ ಲೆಕ್ಕ ಖಚಿತವಿಲ್ಲದೆಡೆ ಬೇಡದವರಿಗೂ ಮದ್ದು ಹೋಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪರೀಕ್ಷಿಸಿತು. ಈ ಬಾರಿ ಭಾರತವೂ ಸೇರಿ ಐದು ದೇಶಗಳಲ್ಲಿ, ಸ್ಕ್ಯಾನಿಂಗಿನಿಂದ ವಾರಗಳನ್ನು ಖಚಿತಪಡಿಸಿಕೊಂಡು, ಶಿಶು ಆರೈಕೆಯ ವ್ಯವಸ್ಥೆಯಿರುವ ಆಸ್ಪತ್ರೆಗಳಲ್ಲಿ, 2852 ತಾಯಂದಿರ ಮೇಲೆ. 2020ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು: ಪ್ರತಿ 25 ತಾಯಂದಿರಿಗೆ ಮದ್ದು ಕೊಟ್ಟಲ್ಲಿ ಒಂದು ಕೂಸಿನ ಜೀವ ಉಳಿಯಿತು. ಮದ್ದು ಅದೇ, ಸುತ್ತಲಿನ ಆರೈಕೆ ಬೇರೆ. ಮದ್ದು ಒಂದೇ ಯಾರನ್ನೂ ಉಳಿಸುವುದಿಲ್ಲ. ಆರೈಕೆಯ ಕೈಗಳ ನಡುವೆ ಅದು ಉಳಿಸುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳು

ಶ್ರೀರಂಗಪಟ್ಟಣದಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆ ಅರ್ಧ ಗಂಟೆಯ ದಾರಿ. ಕೃಷ್ಣರಾಜಪೇಟೆಯ ಗಡಿ ಹಳ್ಳಿಯಿಂದ ಅದು ಅದರ ಎರಡು ಮೂರರಷ್ಟು. ಉಸಿರಿಗಾಗಿ ಒದ್ದಾಡುವ ಕೂಸಿಗೆ ಆ ವ್ಯತ್ಯಾಸವೇ ಬದುಕು ಸಾವಿನ ವ್ಯತ್ಯಾಸ. ಆದರೂ ಬಹಳಷ್ಟು ಬದಲಾಗಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜು ಆರಂಭವಾಯಿತು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂತು. 2008ರ ರಾಜ್ಯೋತ್ಸವದಂದು ‘108’ ಆಂಬುಲೆನ್ಸ್ ಓಡತೊಡಗಿತು. 2009ರಲ್ಲಿ ಹೆರಿಗೆ ಮಾಡಿಸುವ ಸಿಬ್ಬಂದಿಗೆ ನವಜಾತ ಶಿಶುವನ್ನು ಉಳಿಸುವ ತರಬೇತಿಯನ್ನು ಕೇಂದ್ರ ಸರ್ಕಾರ ದೇಶದಾದ್ಯಂತ ಆರಂಭಿಸಿತು. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಕಾಯಿಲೆ ಬಿದ್ದ ಹಸುಗೂಸಿನ ಚಿಕಿತ್ಸೆ, ಹೋಗಿಬರುವ ವಾಹನ ಎಲ್ಲವೂ ಉಚಿತ. ದೇಶದಲ್ಲಿ 1971ರಲ್ಲಿ ಸಾವಿರ ಜನನಕ್ಕೆ 129ರಷ್ಟಿದ್ದ ಶಿಶುಮರಣ 2020ರ ಹೊತ್ತಿಗೆ 28ಕ್ಕೆ ಇಳಿಯಿತು. ನಮ್ಮ ದಾಖಲೆ ಪುಸ್ತಕಗಳಲ್ಲಿಯೂ ಆ ಜೋಡಿ ಸಾಲುಗಳು ಅಪರೂಪವಾಗಿವೆ.

ಉಳಿದ ದೂರವನ್ನು ಕಡಿಮೆ ಮಾಡುವವರು ನೀವು. ಗರ್ಭಿಣಿಯನ್ನು ಮೊದಲ ತಿಂಗಳುಗಳಲ್ಲಿಯೇ ಆಶಾ ಕಾರ್ಯಕರ್ತೆಯ ಬಳಿ ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ; ವಾರಗಳ ಲೆಕ್ಕ ಅಲ್ಲಿಂದಲೇ ಶುರು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡರೆ, ನೀರು ಹೋದರೆ, “ಬೆಳಗಾಗಲಿ ನೋಡೋಣ” ಎನ್ನಬೇಡಿರಿ. ಚುಚ್ಚುಮದ್ದು ಫಲ ಕೊಡಲು ಹೆರಿಗೆಗೆ ಮುಂಚೆ ಕೆಲವು ಗಂಟೆಗಳಾದರೂ ಬೇಕು. ಕೂಸು ನಿಮಿಷಕ್ಕೆ 60ಕ್ಕೂ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಎದೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ ಕೂಡಲೇ 108ಕ್ಕೆ ಕರೆ ಮಾಡಿರಿ. ದಾರಿಯಲ್ಲಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ, ತಲೆಗೆ ಟೊಪ್ಪಿಗೆ ಹಾಕಿ, ಮೇಲೆ ಹೊದಿಸಿ ಬೆಚ್ಚಗಿಡಿರಿ. ಮೂಗು ಬಾಯಿ ಮುಚ್ಚದಿರಲಿ. ಚಳಿಗೆ ಸಿಕ್ಕ ಕೂಸಿನ ಉಸಿರು ಇನ್ನಷ್ಟು ಸೋಲುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಕೂಸು ಉಳಿಯದಿರಬಹುದು. ಆಗ ಮನೆಯ ಹಿರಿಯರಿಗೆ ನನ್ನದೊಂದು ಬಿನ್ನಹ. ಬಾಣಂತಿಯ ಮೇಲೆ ತಪ್ಪು ಹೊರಿಸಬೇಡಿರಿ. ಏಕೆ ಹೀಗಾಯಿತೆಂದು ವೈದ್ಯರನ್ನು ಕೇಳಿರಿ. ಮುಂದಿನ ಬಸಿರಿಗೆ ಆ ಉತ್ತರ ದಾರಿ ತೋರುತ್ತದೆ.

ಆ ಹಳ್ಳಿಯ ತಾಯಿಗೆ ನಾನು ಅಂದು ಹೇಳಿದ ಮಾತು ಸತ್ಯವೇ ಆಗಿತ್ತೆಂದು ಈಗ ಬಲ್ಲೆ. ಅವಳದೇನೂ ತಪ್ಪಿರಲಿಲ್ಲ. ಆ ಕೂಸಿಗೆ ಬೇಕಿದ್ದ ಅರಿವು ಅಷ್ಟರಲ್ಲಾಗಲೇ ಲೋಕದಲ್ಲಿತ್ತು. ಅವಳ ಹೊಸಿಲಿಗೆ ಮಾತ್ರ ಅದು ಬಂದಿರಲಿಲ್ಲ. ತಪ್ಪು ಎಂಬುದೇನಾದರೂ ಇದ್ದರೆ ಅದು ಆ ದಾರಿಯ ಉದ್ದದಲ್ಲಿತ್ತು. ದೊಡ್ಡಸ್ವಾಮಿಯವರು ಐದಾರು ವರ್ಷಗಳಲ್ಲಿ ಸವೆಸಿದಂಥ ದಾರಿಯನ್ನು ನಮ್ಮ ಕಾಲದ ಕೂಸುಗಳಿಗಾಗಿ ನಾವು ಇನ್ನೆಷ್ಟು ವರ್ಷ ಉಳಿಸಿಕೊಳ್ಳೋಣ?